ಒಂದೇ ದೃಶ್ಯ, ಹಲವು ತಂತ್ರ: ರಂಗನಟನೆಯ ಮುಂದಿನ ಹಂತ ಕಲಿಯುವ ಬಗೆ

ನಾಲ್ಕಾರು ನಾಟಕ ಮಾಡಿದ್ದೀರಿ. ಮಾತು ಬಾಯಿಪಾಠ ಆಗುವುದು ಈಗ ಕಷ್ಟವಲ್ಲ. ರಂಗದ ಮೇಲೆ ಕಾಲು ನಡುಗುವುದಿಲ್ಲ. ನಿರ್ದೇಶಕರು ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತೀರಿ. ಆದರೂ ಎಲ್ಲೋ ಸಿಕ್ಕಿಹಾಕಿಕೊಂಡ ಹಾಗೆ ಅನಿಸುತ್ತಿದೆ. ಯಾವ ಪಾತ್ರ ಮಾಡಿದರೂ ಅದೇ ದನಿ, ಅದೇ ಕೈ, ಅದೇ ಸಿಟ್ಟು. ಈ ಲೇಖನ ಅಂಥವರಿಗೆ.

ಈ ಹಂತದಲ್ಲಿ ತುಂಬಾ ಜನ ಸಿಕ್ಕ ಸಿಕ್ಕ ವರ್ಕ್‌ಶಾಪ್‌ಗೆಲ್ಲ ಹೋಗುತ್ತಾರೆ. ಒಂದು ವಾರ ಅಮೆರಿಕದ ನಟನಾ ಗುರು ಮೈಸ್ನರ್‌ನ ಪದ್ಧತಿ, ಇನ್ನೊಂದು ವಾರ ಪೋಲೆಂಡಿನ ನಿರ್ದೇಶಕ ಗ್ರೊಟೊವ್‌ಸ್ಕಿಯದು, ಆಮೇಲೆ ಮುಖವಾಡ. ಹೆಸರುಗಳ ಪಟ್ಟಿ ಬೆಳೆಯುತ್ತದೆ, ನಟನೆ ಇದ್ದಲ್ಲೇ ಇರುತ್ತದೆ. ನನ್ನ ಸಲಹೆ ಇದಕ್ಕೆ ಉಲ್ಟಾ. ಒಂದೇ ದೃಶ್ಯ ಇಟ್ಟುಕೊಳ್ಳಿ. ತಂತ್ರಗಳನ್ನು ಒಂದಾದ ಮೇಲೊಂದು ಅದೇ ದೃಶ್ಯದ ಮೇಲೆ ಪ್ರಯೋಗಿಸಿ. ದೃಶ್ಯ ಬದಲಾಗದೆ ಇದ್ದರೆ ಯಾವ ತಂತ್ರ ಏನು ಮಾಡಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ದೃಶ್ಯವೂ ಹೊಸದು, ತಂತ್ರವೂ ಹೊಸದು ಆದಾಗ ಏನು ಕೆಲಸ ಮಾಡಿತು ಅಂತ ಯಾರಿಗೆ ಗೊತ್ತಾಗುತ್ತದೆ?

ಶುರು ಮಾಡುವ ಮುಂಚೆ

ಇಬ್ಬರೇ ಇರುವ, ಐದರಿಂದ ಏಳು ನಿಮಿಷದ ದೃಶ್ಯ ಆರಿಸಿ. ಇಬ್ಬರಿಗೂ ಏನೋ ಬೇಕಾಗಿರಬೇಕು. ಒಬ್ಬರಿಗೆ ಬೇಕಾದ್ದು ಸಿಕ್ಕರೆ ಇನ್ನೊಬ್ಬರದು ತಪ್ಪಿಹೋಗುವ ಹಾಗಿರಬೇಕು. ಬರೀ ಸುದ್ದಿ ಹೇಳುವ ದೃಶ್ಯ, ಒಬ್ಬರು ಮಾತಾಡಿ ಇನ್ನೊಬ್ಬರು ತಲೆ ಆಡಿಸುವ ದೃಶ್ಯ ಬೇಡ. ಭಾರೀ ಅಳು, ಕೊಲೆ, ಹುಚ್ಚು ಇರುವ ದೃಶ್ಯವೂ ಸದ್ಯಕ್ಕೆ ಬೇಡ. ಅಲ್ಲಿನ ಗದ್ದಲವೇ ನಿಮ್ಮ ತಪ್ಪುಗಳನ್ನು ಮುಚ್ಚಿಬಿಡುತ್ತದೆ.

ಜೊತೆಗೆ ಒಂದೆರಡು ನಿಮಿಷದ ಒಂದು ಸ್ವಗತ ಇರಲಿ. ಹೇಳಿದ ದಿನ ತಪ್ಪದೆ ಬರುವ ಒಬ್ಬ ಸಹನಟರು ಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ, ಮೂರು ತಿಂಗಳು ಅಂತ ಮೊದಲೇ ಮಾತಾಡಿಕೊಳ್ಳಿ. ಜಾಗ ದೊಡ್ಡದಿರಬೇಕು. ಇಬ್ಬರೂ ಹತ್ತು ಹನ್ನೆರಡು ಹೆಜ್ಜೆ ದೂರ ನಿಲ್ಲುವಷ್ಟಾದರೂ ಇರಬೇಕು. ಚಿಕ್ಕ ಕೋಣೆಯಲ್ಲಿ ಕಲಿತ ನಟನೆ ಕ್ಯಾಮೆರಾಗೆ ಸಾಕಾಗಬಹುದು, ರಂಗಕ್ಕೆ ಸಾಲದು. ಒಂದು ನೋಟ್‌ಬುಕ್ ಇರಲಿ. ಪ್ರತಿ ತಾಲೀಮಿನ ಕೊನೆಗೆ ನಾಲ್ಕು ಸಾಲು ಬರೆದರೆ ಸಾಕು: ಏನು ಮಾಡಿದಿರಿ, ಏನು ಬದಲಾಯಿತು, ಏನು ಬದಲಾಗಲಿಲ್ಲ.

ಮಾತಿಗೆ ಸುಲಭ ಆಗಲಿ ಅಂತ ಇಲ್ಲೊಂದು ಉದಾಹರಣೆ ಇಟ್ಟುಕೊಳ್ಳೋಣ. ಅಕ್ಕ ಮನೆ ಬಿಟ್ಟು ಹೊರಟಿದ್ದಾಳೆ. ತಮ್ಮನಿಗೆ ಅವಳು ಹೋಗುವುದು ಬೇಡ. ಹಾಗಂತ ಬಾಯಿಬಿಟ್ಟು ಹೇಳಲಾರ. ಅವನು ಹೇಳುವುದು ಇಷ್ಟೇ: ‘ಮಳೆ ಬರೋ ಹಾಗಿದೆ ಅಕ್ಕಾ. ನಾಳೆ ಹೋಗು.’

ತೊಂದರೆ ಯಾವುದು ಅಂತ ಮೊದಲು ಹಿಡಿಯಿರಿ

ಯಾವ ತಂತ್ರವೂ ಸುಮ್ನೆ ಹುಟ್ಟಿದ್ದಲ್ಲ. ಯಾರೋ ಒಬ್ಬ ನಟನಿಗೋ ನಿರ್ದೇಶಕನಿಗೋ ಒಂದು ತೊಂದರೆ ಕಾಡಿತು, ಅದಕ್ಕೆ ಅವರು ದಾರಿ ಹುಡುಕಿದರು. ನಿಮಗೂ ಅದೇ ತೊಂದರೆ ಇದ್ದರೆ ಅದು ನಿಮಗೆ ಬೇಕು. ಇಲ್ಲದಿದ್ದರೆ ಅದೊಂದು ಒಳ್ಳೆಯ ವ್ಯಾಯಾಮ, ಅಷ್ಟೇ.

ದೃಶ್ಯವನ್ನು ನಿಮಗೆ ಬಂದ ಹಾಗೆ ಮಾಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಮೊಬೈಲ್ ಕೊನೆಯ ಗೋಡೆಯ ಹತ್ತಿರ ಇರಲಿ, ತಲೆಯಿಂದ ಕಾಲಿನವರೆಗೆ ಇಬ್ಬರೂ ಕಾಣಲಿ. ಆಮೇಲೆ ಮೂರು ಸಲ ನೋಡಿ. ಮೊದಲನೆಯ ಸಲ ಶಬ್ದ ಆರಿಸಿ ನೋಡಿ: ಕಥೆ ಏನು ಅಂತ ಮೈಯಿಂದ ತಿಳಿಯುತ್ತದೆಯೇ? ಎರಡನೆಯ ಸಲ ಕಣ್ಣು ಮುಚ್ಚಿ ಕೇಳಿ: ಯಾವ ಪದ ನುಂಗಿಹೋಯಿತು, ಎಲ್ಲಿ ಎಲ್ಲ ಸಾಲೂ ಒಂದೇ ರಾಗಕ್ಕೆ ಬಿದ್ದವು? ಮೂರನೆಯ ಸಲ ನೀವು ಮಾತಾಡದೆ ಇರುವ ಹೊತ್ತನ್ನು ಮಾತ್ರ ಗಮನಿಸಿ. ಹೊಟ್ಟೆಗೆ ಸ್ವಲ್ಪ ಕಷ್ಟವಾಗುವುದು ಈ ಮೂರನೆಯದೇ. ಹೆಚ್ಚಿನ ನಟರು ಸಹನಟರ ಮಾತು ಮುಗಿಯಲಿ ಅಂತ ಕಾಯುತ್ತಿರುತ್ತಾರೆ, ಕೇಳುತ್ತಿರುವುದಿಲ್ಲ.

ಈಗ ಬರುವ ಹೆಸರುಗಳ ಪರಿಚಯ ಮುಂದೆ ಒಂದೊಂದಾಗಿ ಆಗುತ್ತದೆ. ಕೇಳುವುದೇ ಇಲ್ಲ ಅಂತಾದರೆ ಮೈಸ್ನರ್ ಅಭ್ಯಾಸಕ್ಕೆ ಜಾಸ್ತಿ ಸಮಯ ಕೊಡಿ. ಎಲ್ಲ ಪಾತ್ರಕ್ಕೂ ಒಂದೇ ಮೈ ಇದ್ದರೆ ಲಾಬಾನ್ ಮತ್ತು ಮೈಕೆಲ್ ಚೆಕಾಫ್. ಭಾವ ಉಕ್ಕಿ ಹರಿದು ಅರ್ಥ ಕಳೆದುಹೋಗುತ್ತಿದ್ದರೆ ಬ್ರೆಕ್ಟ್. ಎಲ್ಲ ಚೆನ್ನಾಗಿದೆ ಆದರೆ ಏನೂ ನಡೆಯುತ್ತಿಲ್ಲ ಅನಿಸಿದರೆ ಸ್ಟಾನಿಸ್ಲಾವ್‌ಸ್ಕಿ ಹತ್ತಿರವೇ ಹೋಗಬೇಕು.

ದಿನಾ ಇಪ್ಪತ್ತು ನಿಮಿಷ: ಮೈ ಮತ್ತು ದನಿ

ಇದು ತಂತ್ರಗಳ ಸಾಲಿಗೆ ಬರುವುದಿಲ್ಲ, ಆದರೆ ಇದಿಲ್ಲದೆ ಮುಂದಿನ ಯಾವುದೂ ನಿಲ್ಲುವುದಿಲ್ಲ.

1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ವೇದಿಕೆಯ ಮೇಲೆ ವಾಚನ ಮಾಡುತ್ತಿದ್ದ. ವಾಚನದ ನಡುವೆ ದನಿ ಕಟ್ಟಿಹೋಗುತ್ತಿತ್ತು. ಕನ್ನಡಿ ಇಟ್ಟುಕೊಂಡು ನೋಡಿದಾಗ, ಬಾಯಿ ತೆರೆಯುವ ಮುಂಚೆಯೇ ತಲೆಯನ್ನು ಹಿಂದಕ್ಕೆಳೆದು ಕತ್ತು ಬಿಗಿ ಮಾಡಿಕೊಳ್ಳುವುದು ಕಂಡಿತು. ನಿಮ್ಮದನ್ನೂ ಹೀಗೇ ನೋಡಿಕೊಳ್ಳಿ. ಕನ್ನಡಿಯ ಮುಂದೆ ನಿಂತು ಮೊದಲ ಸಾಲು ಹೇಳಲು ಹೊರಡಿ, ಆದರೆ ಹೇಳಬೇಡಿ. ಆ ಕ್ಷಣದಲ್ಲಿ ಏನೇನು ಬಿಗಿಯಾಯಿತು? ಗಲ್ಲ, ಭುಜ, ಮಂಡಿ? ಅದನ್ನು ಸಡಿಲ ಬಿಟ್ಟು ಮತ್ತೆ ಹೊರಡಿ.

ತಾಲೀಮಿಗೆ ಮುಂಚೆ ಹತ್ತು ನಿಮಿಷ ನೆಲದ ಮೇಲೆ ಅಂಗಾತ ಮಲಗಿ. ತಲೆಯ ಕೆಳಗೆ ಒಂದೆರಡು ತೆಳು ಪುಸ್ತಕ, ಮಂಡಿ ಮೇಲಕ್ಕೆ, ಪಾದ ನೆಲದ ಮೇಲೆ. ಉಸಿರನ್ನು ತಿದ್ದಲು ಹೋಗಬೇಡಿ. ಬೆನ್ನು ನೆಲಕ್ಕೆ ಇಳಿಯಲಿ. ಆಮೇಲೆ ಹಾಗೇ ಮಲಗಿ ಮೆಲ್ಲಗೆ ‘ಹಾ’ ಅಂತ ಉಸಿರು ಬಿಡಿ, ಅದಕ್ಕೆ ದನಿ ಸೇರಿಸಿ, ಕೊನೆಗೆ ಪಾತ್ರದ ಒಂದು ಸಾಲು ಸೇರಿಸಿ. ಎದ್ದು ನಿಂತ ಮೇಲೂ ದನಿ ಅಲ್ಲಿಂದಲೇ ಬರಬೇಕು.

ದನಿಯ ವಿಷಯದಲ್ಲಿ ಕನ್ನಡದಲ್ಲಿ ಅಭಿನಯಿಸುವವರು ಒಂದನ್ನು ಪ್ರತ್ಯೇಕವಾಗಿ ಗಮನಿಸಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಾನು ಅವನ ಜೊತೆ ಆ ಮನೆಗೆ ಮತ್ತೆ’ ಅನ್ನುವವರೆಗೆ ಏನೂ ಗೊತ್ತಾಗಿರುವುದಿಲ್ಲ. ‘ಹೋಗ್ತೀನಿ’ ಅನ್ನುತ್ತಾಳೋ ‘ಹೋಗಲ್ಲ’ ಅನ್ನುತ್ತಾಳೋ ಅನ್ನುವುದರಲ್ಲಿ ಇಡೀ ದೃಶ್ಯ ಇದೆ. ಆದರೆ ಉಸಿರು ಖಾಲಿಯಾಗುವುದೂ, ದನಿ ಕೆಳಗಿಳಿಯುವುದೂ ಸರಿಯಾಗಿ ಅಲ್ಲೇ. ಕೊನೆಯ ಸಾಲಿನ ಪ್ರೇಕ್ಷಕರಿಗೆ ಯಾರು, ಎಲ್ಲಿ, ಯಾವಾಗ ಎಲ್ಲ ಕೇಳಿಸುತ್ತದೆ. ಏನಾಯಿತು ಅನ್ನುವುದೊಂದೇ ಕೇಳಿಸುವುದಿಲ್ಲ. ಇದಕ್ಕೊಂದು ಅಭ್ಯಾಸ: ಸ್ವಗತ ಹೇಳುತ್ತಾ ನಡೆಯಿರಿ. ಪ್ರತಿ ವಾಕ್ಯದ ಕೊನೆಯ ಪದ ಬಂದಾಗ ಒಂದು ಹೆಜ್ಜೆ ಮುಂದಿಡಿ, ಕೈಯಿಂದ ಆ ಪದವನ್ನು ಗೋಡೆಯತ್ತ ಎಸೆಯಿರಿ. ವಾಕ್ಯ ಮುಗಿದ ಕಡೆ ದಿಕ್ಕು ಬದಲಿಸಿ. ಒಂದು ವಾರವಾದ ಮೇಲೆ ನಡಿಗೆಯನ್ನೂ ಕೈಯನ್ನೂ ತೆಗೆದುಹಾಕಿ ನಿಂತಲ್ಲೇ ಹೇಳಿ. ಕೂಗುವ ಅಗತ್ಯವೇ ಬರುವುದಿಲ್ಲ.

ದನಿ ಒಡೆದಿದ್ದರೆ ಪಿಸುಗುಟ್ಟಿ ತಾಲೀಮು ಮಾಡಬೇಡಿ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಅಂದುಕೊಳ್ಳುವವರು ಬಹಳ. ಎಷ್ಟೋ ಸಲ ಅದರಿಂದ ಗಂಟಲು ಇನ್ನೂ ಬಿಗಿಯಾಗುತ್ತದೆ. ಮಾತೇ ಆಡದೆ ಇರುವುದು ವಾಸಿ.

ಮೇಜಿನ ಮುಂದೆ: ಪ್ರತಿ ಸಾಲಿಗೂ ಒಂದು ಕೆಲಸ

ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬ. ಅವನ ಪ್ರಶ್ನೆಗಳು ನಿಮಗೆ ಗೊತ್ತೇ ಇರುತ್ತವೆ: ನಾನು ಯಾರು, ಎಲ್ಲಿದ್ದೇನೆ, ಈಗಷ್ಟೇ ಏನಾಯಿತು, ನನಗೆ ಏನು ಬೇಕು, ಏನು ಅಡ್ಡ ಬರುತ್ತಿದೆ. ಮೊದಲ ನಾಟಕದಲ್ಲೇ ಇವನ್ನೆಲ್ಲ ಬರೆದಿರುತ್ತೀರಿ. ಮುಂದಿನ ಹಂತದಲ್ಲಿ ಪ್ರಶ್ನೆಗಳು ಬದಲಾಗುವುದಿಲ್ಲ, ಉತ್ತರ ಮಾತ್ರ ಹರಿತವಾಗಬೇಕು. ‘ಅಕ್ಕನ ಪ್ರೀತಿ ಬೇಕು’ ಅನ್ನುವುದು ಆಡಲಾಗದ ಉತ್ತರ. ‘ಅವಳು ಕೈಯಲ್ಲಿರುವ ಚೀಲ ಕೆಳಗಿಡಬೇಕು’ ಅನ್ನುವುದು ಆಡಬಹುದಾದ ಉತ್ತರ. ಇಟ್ಟಳೋ ಇಲ್ಲವೋ ಅಂತ ಕಣ್ಣಿಗೆ ಕಾಣುತ್ತದೆ, ಅಲ್ವಾ?

ಆಮೇಲೆ ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಕ್ರಿಯಾಪದ ಬರೆಯಿರಿ. ಬ್ರಿಟನ್ನಿನ ನಿರ್ದೇಶಕ ಮ್ಯಾಕ್ಸ್ ಸ್ಟಾಫರ್ಡ್-ಕ್ಲಾರ್ಕ್ ತನ್ನ ತಾಲೀಮುಗಳಲ್ಲಿ ಈ ಪದ್ಧತಿಯನ್ನು ತುಂಬಾ ಬಳಸಿದ. ಕ್ರಿಯಾಪದ ಎದುರಿನವರಿಗೆ ಏನಾದರೂ ಮಾಡುವಂಥದ್ದಾಗಿರಬೇಕು. ಪರೀಕ್ಷೆ ಸುಲಭ. ‘ನಾನು ನಿನ್ನನ್ನು...’ ಅಂತ ಶುರು ಮಾಡಿ. ‘ನಾನು ನಿನ್ನನ್ನು ಹೆದರಿಸುತ್ತೇನೆ’ ಸರಿಹೋಗುತ್ತದೆ. ‘ನಾನು ನಿನ್ನನ್ನು ಬೇಸರಪಡುತ್ತೇನೆ’ ಸರಿಹೋಗುವುದಿಲ್ಲ. ಸರಿಹೋಗದೆ ಇದ್ದದ್ದು ಭಾವ, ಕೆಲಸ ಅಲ್ಲ. ಅದನ್ನು ಹೊಡೆದುಹಾಕಿ.

ನಮ್ಮ ತಮ್ಮನ ಸಾಲು ತೆಗೆದುಕೊಳ್ಳಿ. ‘ಮಳೆ ಬರೋ ಹಾಗಿದೆ ಅಕ್ಕಾ. ನಾಳೆ ಹೋಗು.’ ಹೆದರಿಸಿ ಹೇಳಿ. ಪುಸಲಾಯಿಸಿ ಹೇಳಿ. ಕೆಣಕಿ ಹೇಳಿ. ಅಣಕಿಸಿ ಹೇಳಿ. ಅವಳನ್ನು ನಾಚಿಸಿ ಹೇಳಿ. ಮಾತು ಅದೇ, ದೃಶ್ಯ ಐದು. ಈಗ ಎರಡು ವಾಕ್ಯಕ್ಕೆ ಎರಡು ಬೇರೆ ಕ್ರಿಯಾಪದ ಕೊಡಿ: ಮೊದಲು ಹೆದರಿಸು, ಆಮೇಲೆ ಸಮಾಧಾನಪಡಿಸು. ನಡುವಿನ ಸಣ್ಣ ಮೌನದಲ್ಲಿ ಏನೋ ನಡೆಯುತ್ತದೆ: ಹೆದರಿಕೆ ಫಲಿಸಲಿಲ್ಲ ಅಂತ ತಮ್ಮನಿಗೆ ಗೊತ್ತಾಗಿದೆ. ಆ ಗೊತ್ತಾಗುವಿಕೆ ಪ್ರೇಕ್ಷಕರಿಗೆ ಕಾಣುತ್ತದೆ, ನೀವು ಅದನ್ನು ತೋರಿಸಲು ಹೋಗದಿದ್ದರೂ.

ಒಂದು ಎಚ್ಚರಿಕೆ. ಕೆಲವರಿಗೆ ಈ ಕ್ರಿಯಾಪದ ಬರೆಯುವ ಚಟ ಹತ್ತುತ್ತದೆ. ಪುಸ್ತಕದ ಅಂಚೆಲ್ಲ ಪೆನ್ಸಿಲ್ ಗುರುತು. ರಂಗದ ಮೇಲೆ ನೋಡಿದರೆ ಪಟ್ಟಿ ಓದುತ್ತಿರುವ ಹಾಗೆ ಕಾಣುತ್ತಾರೆ. ಬರೆದದ್ದನ್ನು ಎರಡು ವಾರ ಆಡಿ, ಮೈಗೆ ಹತ್ತಿದ ಮೇಲೆ ಪುಸ್ತಕ ಮುಚ್ಚಿಬಿಡಿ.

ಎದ್ದು ನಿಂತು ಹುಡುಕುವುದು

ಸ್ಟಾನಿಸ್ಲಾವ್‌ಸ್ಕಿ ಕೊನೆಯ ವರ್ಷಗಳಲ್ಲಿ ಮೇಜಿನ ಮುಂದೆ ಕೂತು ತಿಂಗಳುಗಟ್ಟಲೆ ಚರ್ಚಿಸುವುದನ್ನು ಕಡಿಮೆ ಮಾಡಿದ. ನಟ ಬೇಗ ಎದ್ದು ನಿಂತು, ಮೈಯಿಂದಲೇ ದೃಶ್ಯವನ್ನು ಅರ್ಥ ಮಾಡಿಕೊಳ್ಳಲಿ ಅಂತ ದಾರಿ ಬದಲಿಸಿದ. 1938ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯೆ ಮಾರಿಯಾ ಕ್ನೆಬೆಲ್ ಇದನ್ನು ಬೆಳೆಸಿ ತುಂಬಾ ಜನರಿಗೆ ಕಲಿಸಿದಳು. ಆಕ್ಟಿವ್ ಅನಾಲಿಸಿಸ್ ಅಂತ ಇದಕ್ಕೆ ಹೆಸರು. ಇಲ್ಲಿ ಹೇಳುವ ಎಲ್ಲ ತಂತ್ರಗಳಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಮಾಡುವುದು ಹೀಗೆ. ದೃಶ್ಯವನ್ನು ಇಬ್ಬರೂ ಒಮ್ಮೆ ನಿಧಾನವಾಗಿ ಓದಿ. ಪುಸ್ತಕ ಕೆಳಗಿಡಿ. ಏನು ನಡೆಯಿತು ಅಂತ ಒಂದೆರಡು ವಾಕ್ಯದಲ್ಲಿ ಹೇಳಿಕೊಳ್ಳಿ: ಯಾರು ಬಂದರು, ಯಾರು ತಡೆದರು, ಎಲ್ಲಿ ತಿರುವು. ಈಗ ಎದ್ದು ನಿಮ್ಮದೇ ಮಾತಿನಲ್ಲಿ ದೃಶ್ಯ ಆಡಿ. ನಾಟಕದ ಮಾತು ನೆನಪಾದರೆ ಬರಲಿ, ಆಗದಿದ್ದರೆ ಬೇಡ. ನಡುವೆ ನಿಲ್ಲಿಸಬೇಡಿ, ತಪ್ಪಾದರೂ ಕೊನೆಯವರೆಗೆ ಹೋಗಿ.

ಮುಗಿದ ತಕ್ಷಣ ಪುಸ್ತಕಕ್ಕೆ ಮರಳಿ. ಕೆಲಸ ಇರುವುದು ಇಲ್ಲೇ. ನೀವು ಆಡಿದ್ದಕ್ಕೂ ನಾಟಕಕಾರರು ಬರೆದದ್ದಕ್ಕೂ ಏನು ವ್ಯತ್ಯಾಸ? ನೀವು ಮೂರು ಮಾತಿನಲ್ಲೇ ಜಗಳಕ್ಕೆ ಬಿದ್ದಿರಿ, ನಾಟಕದಲ್ಲಿ ಜಗಳ ಎರಡನೆಯ ಪುಟದವರೆಗೆ ಬರುವುದಿಲ್ಲ. ಯಾಕೆ? ತಮ್ಮ ಏನನ್ನು ತಡೆಹಿಡಿದಿದ್ದಾನೆ? ಆಡುವಾಗ ಅಕ್ಕ ನಿಮಗೆ ಬೆನ್ನು ಹಾಕಿ ನಿಂತಳು, ಅವಳ ಮುಖ ನೋಡಲು ನೀವು ಸುತ್ತಿ ಹೋಗಬೇಕಾಯಿತು. ಹಾಗಾದರೆ ಆ ನಡಿಗೆ ದೃಶ್ಯಕ್ಕೆ ಬೇಕೇ ಬೇಕೇನೋ. ಮತ್ತೆ ಓದಿ, ಮತ್ತೆ ಪುಸ್ತಕ ಇಟ್ಟು ಆಡಿ. ಮೂರು ನಾಲ್ಕು ಸುತ್ತು ಆದ ಮೇಲೆ ನಾಟಕದ ಮಾತುಗಳು ತಾವಾಗಿಯೇ ಬಾಯಿಗೆ ಬರತೊಡಗುತ್ತವೆ. ಉರು ಹೊಡೆದ ಮಾತಿಗೂ ಹೀಗೆ ಬಂದ ಮಾತಿಗೂ ಇರುವ ವ್ಯತ್ಯಾಸ ಕೂತು ನೋಡುವವರಿಗೆ ಮೊದಲ ನಿಮಿಷದಲ್ಲೇ ತಿಳಿಯುತ್ತದೆ.

ಒಂದು ಸುತ್ತು ಮಾತೇ ಇಲ್ಲದೆ ಆಡಿ. ಇನ್ನೊಂದು ಸುತ್ತು ಪಾತ್ರ ಬದಲಿಸಿ ಆಡಿ, ಅಕ್ಕನ ಪಾತ್ರದವರು ತಮ್ಮನಾಗಲಿ. ನೀವು ಎಷ್ಟು ಒತ್ತಡ ಹಾಕುತ್ತಿದ್ದೀರಿ ಅನ್ನುವುದು ಆ ಕಡೆ ನಿಂತಾಗ ಗೊತ್ತಾಗುತ್ತದೆ.

ಪದ್ಯದ ನಾಟಕ, ಅಥವಾ ಮಾತಿನ ಕಟ್ಟೇ ಮುಖ್ಯವಾದ ನಾಟಕ ಆದರೆ ಸ್ವಂತ ಮಾತಿನ ಸುತ್ತು ಒಂದೆರಡು ಸಾಕು. ಅಲ್ಲಿ ಪಾತ್ರ ಯೋಚಿಸುವುದೇ ಆ ಲಯದಲ್ಲಿ. ಲಯ ಬಿಟ್ಟರೆ ಪಾತ್ರವೂ ಕೈಬಿಡುತ್ತದೆ.

ಕೇಳುವುದನ್ನು ಕಲಿಯುವುದು

ಸ್ಯಾನ್‌ಫರ್ಡ್ ಮೈಸ್ನರ್ ನ್ಯೂಯಾರ್ಕಿನ ನೇಬರ್‌ಹುಡ್ ಪ್ಲೇಹೌಸ್‌ನಲ್ಲಿ ದಶಕಗಟ್ಟಲೆ ಕಲಿಸಿದವನು. ಅವನ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಪುನರಾವರ್ತನೆಯ ಅಭ್ಯಾಸ. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಎದುರಿನವರಲ್ಲಿ ಕಂಡದ್ದನ್ನು ಹೇಳುತ್ತಾರೆ: ‘ನೀನು ಹುಬ್ಬು ಗಂಟಿಕ್ಕಿದೀಯ.’ ಇನ್ನೊಬ್ಬರು ಅದನ್ನೇ ಮರಳಿ ಹೇಳುತ್ತಾರೆ: ‘ನಾನು ಹುಬ್ಬು ಗಂಟಿಕ್ಕಿದೀನಿ.’ ಮತ್ತೆ ಇವರು, ಮತ್ತೆ ಅವರು. ಎದುರಿನವರಲ್ಲಿ ಏನಾದರೂ ಬದಲಾದಾಗ ಮಾತು ಬದಲಾಗುತ್ತದೆ: ‘ನೀನು ನಕ್ಕೆ.’ ‘ನಾನು ನಕ್ಕೆ.’ ಬೇಕು ಅಂತ ಬದಲಿಸಬಾರದು. ಬದಲಿಸಲೇಬೇಕಾಗಿ ಬಂದಾಗ ಬದಲಿಸಬೇಕು.

ಮೊದಲ ದಿನ ಇದು ಮಕ್ಕಳಾಟ ಅನಿಸುತ್ತದೆ. ಎರಡನೆಯ ದಿನ ಬೇಜಾರು. ಬೇಜಾರು ಬಂದಾಗ ಜಾಣತನ ತೋರಿಸಲು ಮನಸ್ಸಾಗುತ್ತದೆ, ಏನಾದರೂ ತಮಾಷೆ ಮಾತು ತೆಗೆಯಲು ಹೋಗುತ್ತೀರಿ. ಅದನ್ನು ತಡೆದುಕೊಳ್ಳಿ. ಗಮನ ಪೂರ್ತಿ ಎದುರಿನವರ ಮೇಲೆ ಇದ್ದಾಗ ನಿಮ್ಮ ಬಗ್ಗೆ ಯೋಚಿಸಲು ಜಾಗವೇ ಉಳಿಯುವುದಿಲ್ಲ. ನಾನು ಹೇಗೆ ಕಾಣುತ್ತಿದ್ದೇನೆ ಅನ್ನುವ ಚಿಂತೆ ಹೋಗುವುದು ಹಾಗೆ.

ಇಲ್ಲಿ ಎರಡು ಕಡೆ ಜಾರಬಹುದು. ಒಂದು, ಅಭ್ಯಾಸ ಸದಾ ಜಗಳಕ್ಕೇ ಹೋಗಿ ಮುಟ್ಟುತ್ತದೆ. ಸಿಟ್ಟು ಬಂದರೆ ನಿಜವಾದ ನಟನೆ ಆಯಿತು ಅಂತ ಇಬ್ಬರೂ ನಂಬಿಬಿಡುತ್ತಾರೆ. ಹಾಗಾಗುತ್ತಿದ್ದರೆ ನಿಲ್ಲಿಸಿ, ಕಣ್ಣಿಗೆ ಕಾಣುವ ಸಾದಾ ಸಂಗತಿಗೆ ಮರಳಿ. ಇನ್ನೊಂದು ರಂಗದವರಿಗೇ ಇರುವ ತೊಂದರೆ: ಮಂಡಿಗೆ ಮಂಡಿ ತಾಗುವ ಹಾಗೆ ಕೂತು ಮಾಡಿದರೆ ಎಲ್ಲವೂ ಸಣ್ಣದಾಗುತ್ತದೆ. ಎರಡನೆಯ ವಾರದಿಂದ ಕೋಣೆಯ ಎರಡು ತುದಿಯಲ್ಲಿ ನಿಂತು ಮಾಡಿ. ಆಮೇಲೆ ಒಬ್ಬರಿಗೆ ಕೈ ತುಂಬಾ ಕೆಲಸ ಕೊಡಿ, ಬಟ್ಟೆ ಮಡಿಸುವುದೋ ಹರಿದ ಕಾಗದ ಜೋಡಿಸುವುದೋ. ಕೊನೆಗೆ ಪುನರಾವರ್ತನೆಯಿಂದ ನೇರವಾಗಿ ದೃಶ್ಯದ ಮೊದಲ ಸಾಲಿಗೆ ಜಾರಿ. ‘ನೀನು ನನ್ನ ಕಡೆ ನೋಡ್ತಿಲ್ಲ.’ ‘ನಾನು ನಿನ್ನ ಕಡೆ ನೋಡ್ತಿಲ್ಲ.’ ‘ಮಳೆ ಬರೋ ಹಾಗಿದೆ ಅಕ್ಕಾ.’ ಸಾಲು ಹೇಗೆ ಹೇಳಬೇಕು ಅಂತ ನಿರ್ಧರಿಸಲು ಸಮಯವೇ ಸಿಗುವುದಿಲ್ಲ. ಅದೇ ಬೇಕಾದ್ದು.

ಮೈಯಿಂದ ಒಳಕ್ಕೆ

ಇಲ್ಲಿಯವರೆಗಿನದು ನೀವೇ ಪಾತ್ರದ ಜಾಗದಲ್ಲಿ ನಿಂತರೆ ಏನಾಗುತ್ತದೆ ಅನ್ನುವ ಹುಡುಕಾಟ. ಪಾತ್ರ ನಿಮ್ಮ ಹಾಗೆ ಇಲ್ಲದಿದ್ದರೆ? ಆಗ ಮೈಯಿಂದ ಶುರು ಮಾಡುವುದು ಒಳ್ಳೆಯದು.

ರುಡಾಲ್ಫ್ ಲಾಬಾನ್ ನೃತ್ಯದ ಕಡೆಯವನು. ಚಲನೆಯನ್ನು ವಿಂಗಡಿಸಲು ಅವನು ಕಟ್ಟಿದ ಪದ್ಧತಿಯನ್ನು ನಟರು ಆರಾಮಾಗಿ ತಮ್ಮದಾಗಿಸಿಕೊಂಡರು. ಮೂರು ಪ್ರಶ್ನೆ ಕೇಳಿ. ಚಲನೆ ಭಾರವೋ ಹಗುರವೋ? ನೇರವೋ ಸುತ್ತುಬಳಸಿದ್ದೋ? ತಟ್ಟನೆಯದೋ ಎಳೆದದ್ದೋ? ಮೂರನ್ನೂ ಕೂಡಿಸಿದರೆ ಎಂಟು ಬಗೆ ಸಿಗುತ್ತವೆ. ಭಾರ, ನೇರ, ಎಳೆದದ್ದು: ಒತ್ತುವುದು. ಭಾರ, ಬಳಸಿದ್ದು, ಎಳೆದದ್ದು: ಹಿಂಡುವುದು. ಭಾರ, ನೇರ, ತಟ್ಟನೆ: ಗುದ್ದುವುದು. ಭಾರ, ಬಳಸಿದ್ದು, ತಟ್ಟನೆ: ಬೀಸಿ ಹೊಡೆಯುವುದು. ಹಗುರದ ಕಡೆಗೂ ಹೀಗೇ ನಾಲ್ಕು: ಜಾರುವುದು, ತೇಲುವುದು, ತಟ್ಟುವುದು, ಕೊಡವುವುದು.

ಒಂದೊಂದನ್ನೂ ಮೊದಲು ಇಡೀ ಮೈಯಿಂದ ಮಾಡಿ, ದೊಡ್ಡದಾಗಿ. ಗೋಡೆಯನ್ನು ಒತ್ತಿ, ಒದ್ದೆ ಬಟ್ಟೆ ಹಿಂಡಿ, ಗಾಳಿಯಲ್ಲಿ ಗುದ್ದಿ. ಆಮೇಲೆ ಅದೇ ಗುಣ ನಡಿಗೆಗೆ ಬರಲಿ, ಆಮೇಲೆ ದನಿಗೆ. ತಮ್ಮನ ಸಾಲನ್ನು ಒತ್ತುವ ದನಿಯಲ್ಲಿ ಹೇಳಿ, ಕೊಡವುವ ದನಿಯಲ್ಲಿ ಹೇಳಿ. ‘ನಾಳೆ ಹೋಗು’ ಅನ್ನುವುದು ಗುದ್ದಿದಾಗ ಅಪ್ಪಣೆಯಾಗುತ್ತದೆ, ತೇಲಿಸಿದಾಗ ಯಾರಿಗೂ ಹೇಳದೆ ತನಗೇ ಹೇಳಿಕೊಂಡ ಹಾಗಾಗುತ್ತದೆ. ಕೊನೆಗೆ ಎಲ್ಲವನ್ನೂ ಹತ್ತರಲ್ಲಿ ಎರಡು ಪಾಲಿಗೆ ಇಳಿಸಿ. ಹೊರಗೆ ಕಾಣುವುದು ಸ್ವಲ್ಪ, ಒಳಗೆ ಗುಣ ಪೂರ್ತಿ.

ನಿಮ್ಮದೇ ಸ್ವಭಾವ ಈ ಎಂಟರಲ್ಲಿ ಯಾವುದು ಅಂತ ಗೆಳೆಯರನ್ನು ಕೇಳಿ. ಅವರು ತಕ್ಷಣ ಹೇಳುತ್ತಾರೆ, ಸ್ವಲ್ಪ ನಗುತ್ತಲೂ ಹೇಳಬಹುದು. ಅದು ಬಿಟ್ಟು ಅದರ ಎದುರಿನದ್ದನ್ನು ಜಾಸ್ತಿ ಅಭ್ಯಾಸ ಮಾಡಿ.

ಮೈಕೆಲ್ ಚೆಕಾಫ್ ಇನ್ನೊಂದು ಬಾಗಿಲು ತೆರೆದ. ಸ್ಟಾನಿಸ್ಲಾವ್‌ಸ್ಕಿಯ ಜೊತೆ ಕೆಲಸ ಮಾಡಿದವನು, ರಷ್ಯ ಬಿಟ್ಟು ಬಂದು 1936ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ನಟರ ಸ್ಟುಡಿಯೋ ನಡೆಸಿದ. ಪಾತ್ರದ ಮುಖ್ಯ ಆಸೆಯನ್ನು ಒಂದೇ ಒಂದು ದೊಡ್ಡ ಚಲನೆಗೆ ಇಳಿಸಿ ಅನ್ನುತ್ತಾನೆ. ತಮ್ಮನ ಆಸೆ ತಡೆಯುವುದು ತಾನೇ? ಎರಡೂ ಕೈ ಚಾಚಿ, ಕಾಲು ಅಗಲಿಸಿ, ಇಡೀ ಮೈಯಿಂದ ಏನನ್ನೋ ತನ್ನತ್ತ ಸೆಳೆದುಕೊಳ್ಳುವ ಚಲನೆ ಮಾಡಿ. ಐದಾರು ಸಲ. ನಂತರ ಕೈ ಕೆಳಗಿಳಿಸಿ, ಚಲನೆಯನ್ನು ಮನಸ್ಸಿನೊಳಗೆ ಮಾತ್ರ ಮಾಡುತ್ತಾ ಸಾಲು ಹೇಳಿ. ಇದು ಪ್ರೇಕ್ಷಕರಿಗೆ ತೋರಿಸಲು ಇರುವುದಲ್ಲ. ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ ನಿಂತು, ಎಂಟ್ರಿಗೆ ಮುಂಚೆ ಒಮ್ಮೆ ಮಾಡಿಕೊಂಡರೆ ಪಾತ್ರ ಮೈಗೆ ಬೇಗ ಬರುತ್ತದೆ. ಬೇಡವೆನಿಸಿದ ದಿನವೂ ಕೆಲಸ ಮಾಡುತ್ತದೆ ಅನ್ನುವುದೇ ಇದರ ಹೆಚ್ಚುಗಾರಿಕೆ.

ರಷ್ಯದ ನಿರ್ದೇಶಕ ಮೆಯೆರ್‌ಹೋಲ್ಡ್ ತನ್ನ ನಟರಿಗೆ ಕಲಿಸಿದ್ದರಲ್ಲಿ ಒಂದು ಸಣ್ಣ ಸಂಗತಿಯನ್ನು ಯಾರು ಬೇಕಾದರೂ ಇವತ್ತೇ ಎತ್ತಿಕೊಳ್ಳಬಹುದು. ಮುಂದೆ ಹೋಗುವ ಮುಂಚೆ ಒಂಚೂರು ಹಿಂದೆ ಹೋಗಿ. ಕೂರುವ ಮುಂಚೆ ಒಂಚೂರು ಮೇಲಕ್ಕೇಳಿ. ಎದುರು ದಿಕ್ಕಿನ ಆ ಚಿಕ್ಕ ಚಲನೆ ಪ್ರೇಕ್ಷಕರ ಕಣ್ಣನ್ನು ಮುಂದಿನ ಚಲನೆಗೆ ಸಿದ್ಧ ಮಾಡುತ್ತದೆ.

ಭಾವದ ವಿಷಯ

ನಿಜವಾದ ಕಣ್ಣೀರು ಹೇಗೆ ತರುವುದು ಅಂತ ಕೇಳುವವರು ತುಂಬಾ. ಸ್ವಂತ ಬದುಕಿನ ನೋವನ್ನು ನೆನೆದು ಭಾವ ತರಿಸಿಕೊಳ್ಳುವ ದಾರಿಯನ್ನು ಸ್ಟಾನಿಸ್ಲಾವ್‌ಸ್ಕಿ ತನ್ನ ಮೊದಲ ದಿನಗಳಲ್ಲಿ ಪ್ರಯೋಗಿಸಿದ. ಅಮೆರಿಕದಲ್ಲಿ ಲೀ ಸ್ಟ್ರಾಸ್‌ಬರ್ಗ್ ಅದನ್ನು ತನ್ನ ಪಾಠದ ನಡುವೆ ಇಟ್ಟ. 1934ರಲ್ಲಿ ಅಲ್ಲಿನ ನಟಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸ್‌ನಲ್ಲಿ ಸ್ಟಾನಿಸ್ಲಾವ್‌ಸ್ಕಿಯನ್ನೇ ಕಂಡು ಕೆಲವು ವಾರ ಅವನ ಜೊತೆ ಕೆಲಸ ಮಾಡಿದಳು. ಅವನು ಅದನ್ನು ಅಷ್ಟಾಗಿ ನೆಚ್ಚಿಲ್ಲ, ಕಲ್ಪನೆಗೂ ನಾಟಕದ ಸಂದರ್ಭಕ್ಕೂ ಹೆಚ್ಚು ಬೆಲೆ ಕೊಡುತ್ತಿದ್ದಾನೆ ಅಂತ ಬಂದು ಹೇಳಿದಳು. ಜಗಳ ಅಲ್ಲಿಂದ ಶುರುವಾಯಿತು, ಇನ್ನೂ ಮುಗಿದಿಲ್ಲ.

ನನ್ನ ಒಲವು ಆಡ್ಲರ್ ಕಡೆಗೆ, ಮುಖ್ಯವಾಗಿ ರಂಗದ ಕಾರಣಕ್ಕೆ. ಕ್ಯಾಮೆರಾ ಮುಂದೆ ಒಮ್ಮೆ ಅತ್ತರೆ ಆಯಿತು. ರಂಗದಲ್ಲಿ ಇವತ್ತು, ನಾಳೆ, ನಾಡಿದ್ದು ಅದೇ ಹೊತ್ತಿಗೆ ಅಳಬೇಕು. ಸ್ವಂತ ನೋವು ಹತ್ತು ಪ್ರಯೋಗಕ್ಕೆ ಸವೆದುಹೋಗುತ್ತದೆ. ಸವೆಯದಿದ್ದರೆ ನಿಮ್ಮನ್ನೇ ಸವೆಸುತ್ತದೆ. ಅಷ್ಟಲ್ಲದೆ ನಿಮ್ಮ ನೆನಪಿನೊಳಗೆ ಇಳಿದ ಹೊತ್ತಿನಲ್ಲಿ ಎದುರಿನ ಅಕ್ಕ ನಿಮಗೆ ಕಾಣುತ್ತಲೇ ಇರುವುದಿಲ್ಲ.

ಆಂಗಿಕ (ಮೈಯದು), ವಾಚಿಕ (ಮಾತಿನದು), ಆಹಾರ್ಯ (ವೇಷಭೂಷಣದ್ದು), ಸಾತ್ವಿಕ (ಮನಸ್ಸಿನದು) ಅಂತ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ನೋಡುತ್ತದೆ. ಕಣ್ಣೀರು, ಬೆವರು, ನಡುಕ, ದನಿ ಗದ್ಗದವಾಗುವುದು ಸಾತ್ವಿಕದ ಲೆಕ್ಕ. ಮನಸ್ಸು ಒಂದೆಡೆ ನಿಂತಾಗ ಬರುವಂಥವು ಇವು. ಇದನ್ನು ಕೆಲಸದ ಮಾತಾಗಿ ತೆಗೆದುಕೊಳ್ಳಿ. ಕಣ್ಣೀರಿನ ಹಿಂದೆ ಹೋಗಬೇಡಿ. ಎದುರಿನವರ ಮೇಲೆ, ಮಾಡಬೇಕಾದ ಕೆಲಸದ ಮೇಲೆ ಮನಸ್ಸು ನಿಲ್ಲಲಿ. ಅಳುವ ದೃಶ್ಯದಲ್ಲಿ ಪಾತ್ರ ಸಾಮಾನ್ಯವಾಗಿ ಅಳು ತಡೆಯಲು ಹೆಣಗುತ್ತಿರುತ್ತದೆ. ತಡೆಯುವ ಆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿ. ಕಣ್ಣೀರು ಬಂದರೆ ಬಂತು.

ಭಾರವಾದ ದೃಶ್ಯ ಮಾಡಿದ ಮೇಲೆ ಹಾಗೇ ಮನೆಗೆ ಹೋಗಬೇಡಿ. ಐದು ನಿಮಿಷ ಮೈ ಕೊಡವಿ, ಸಹನಟರ ಹೆಸರು ಹಿಡಿದು ಮಾತಾಡಿಸಿ, ರಂಗದ ಬಟ್ಟೆ ಬಿಚ್ಚಿಟ್ಟು ಹೊರಡಿ. ಅಭ್ಯಾಸದ ನಡುವೆ ಯಾರು ಬೇಕಾದರೂ ನಿಲ್ಲಿಸಬಹುದಾದ ಒಂದು ಪದ ಮೊದಲೇ ಗೊತ್ತು ಮಾಡಿಕೊಂಡಿರಿ.

ಒಂದು ಹೆಜ್ಜೆ ಹಿಂದೆ ನಿಲ್ಲುವುದು

ನಟ ಪಾತ್ರದಲ್ಲಿ ಕರಗಿಹೋಗದೆ, ಒಂಚೂರು ದೂರ ನಿಂತು ಅದನ್ನು ತೋರಿಸಲಿ ಅನ್ನುವುದು ಜರ್ಮನಿಯ ನಾಟಕಕಾರ, ನಿರ್ದೇಶಕ ಬ್ರೆಕ್ಟ್‌ನ ಆಸೆ. ಅದಕ್ಕೆ ಅವನು ಹೇಳಿದ ಅಭ್ಯಾಸ ಮೂರೇ ಮೂರು. ನಿಮ್ಮ ಸಾಲನ್ನು ‘ಅವನು’ ಅಂತ ಹೇಳಿ. ಭೂತಕಾಲಕ್ಕೆ ತನ್ನಿ. ರಂಗಸೂಚನೆಯನ್ನೂ ಜೋರಾಗಿ ಓದಿ. ‘ಅವನು ಬಾಗಿಲಿಗೆ ಅಡ್ಡ ನಿಂತ. ಮಳೆ ಬರೋ ಹಾಗಿದೆ ಅಂದ. ಅಕ್ಕ ಅವನ ಮುಖ ನೋಡಲಿಲ್ಲ.’ ಹೀಗೆ ಇಡೀ ದೃಶ್ಯ ಹೇಳಿ ಮುಗಿಸಿ, ಆಮೇಲೆ ಮಾಮೂಲಿ ಹಾಗೆ ಆಡಿ. ಭಾವದಲ್ಲಿ ಮುಳುಗಿಹೋಗುವ ನಟರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ತಮ್ಮ ಬಾಯಿಬಿಟ್ಟು ಹೇಳಬಹುದಿತ್ತು, ಆದರೂ ಹೇಳಲಿಲ್ಲ ಅನ್ನುವುದು ಆಗ ಎದ್ದು ಕಾಣುತ್ತದೆ. ಹೇಳದೆ ಇರುವುದು ಅವನ ಆಯ್ಕೆ, ಅದಕ್ಕೊಂದು ಬೆಲೆ ಇದೆ ಅಂತ ಪ್ರೇಕ್ಷಕರಿಗೂ ಮುಟ್ಟುತ್ತದೆ.

ಜನರ ಮುಂದೆ, ಮತ್ತೆ ಮತ್ತೆ

ಎರಡನೆಯ ತಿಂಗಳ ಕೊನೆಯಿಂದ ನೋಡುವವರನ್ನು ಕರೆಯಿರಿ. ಮೂರು ನಾಲ್ಕು ಜನ ಸಾಕು, ಆದರೆ ಪ್ರತಿ ಸಲ ಬೇರೆಯವರು. ಚೆನ್ನಾಗಿತ್ತಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. ಎಲ್ಲಿ ಗಮನ ತಪ್ಪಿತು, ತಮ್ಮನಿಗೆ ಏನು ಬೇಕಿತ್ತು ಅಂತ ಕೇಳಿ. ಒಮ್ಮೆ ದೊಡ್ಡ ಸಭಾಂಗಣದಲ್ಲಿ ಆಡಿ, ಒಮ್ಮೆ ಸುತ್ತಲೂ ಜನ ಕೂತಿರುವಾಗ ಆಡಿ. ಬೆನ್ನಿನಿಂದಲೂ ಮಾತಾಡಬೇಕು ಅಂತ ಆಗ ಗೊತ್ತಾಗುತ್ತದೆ.

ಹತ್ತನೆಯ ಸಲ ಆಡುವಾಗ ದೃಶ್ಯ ಸತ್ತಿರುತ್ತದೆ. ಇದು ಖಂಡಿತ, ಹೆದರಬೇಡಿ. ರಂಗನಟನೆಯ ನಿಜವಾದ ಮೇಲಿನ ತರಗತಿ ಇಲ್ಲಿಂದ ಶುರು. ಹೊಸ ಹೊಸ ಚಲನೆ ಸೇರಿಸಿ ಜೀವ ತುಂಬಲು ಹೋಗಬೇಡಿ, ಸಹನಟರಿಗೂ ಬೆಳಕಿನವರಿಗೂ ಅದು ಕಾಟ. ಬ್ಲಾಕಿಂಗ್, ಅಂದರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಅನ್ನುವುದು, ಹಾಗೇ ಇರಲಿ. ಒಂದು ದಿನ ಸಹನಟರ ಉಸಿರನ್ನು ಮಾತ್ರ ಗಮನಿಸುತ್ತಾ ಆಡಿ. ಇನ್ನೊಂದು ದಿನ ‘ಈಗಷ್ಟೇ ಏನಾಯಿತು’ ಅನ್ನುವುದನ್ನು ಬದಲಿಸಿಕೊಳ್ಳಿ: ತಮ್ಮ ನಿದ್ದೆಯಿಂದ ಎದ್ದು ಬಂದಿದ್ದಾನೆ, ಅಥವಾ ಒಂದು ಗಂಟೆಯಿಂದ ಕಾಯುತ್ತಿದ್ದಾನೆ. ಮಾತು, ಜಾಗ, ಹೊತ್ತು ಯಾವುದೂ ಬದಲಾಗುವುದಿಲ್ಲ, ಆದರೆ ದೃಶ್ಯ ಮತ್ತೆ ಉಸಿರಾಡುತ್ತದೆ.

ಗುರು ಬೇಕಾಗುವುದು ಎಲ್ಲಿ

ಮೇಲೆ ಹೇಳಿದ್ದರಲ್ಲಿ ಹೆಚ್ಚಿನದನ್ನು ಇಬ್ಬರೇ ಕೂಡಿ ಮಾಡಬಹುದು. ಕೆಲವನ್ನು ಮಾತ್ರ ಬಲ್ಲವರಿಲ್ಲದೆ ಮುಟ್ಟಬೇಡಿ. ಜಪಾನಿನ ನಿರ್ದೇಶಕ ತದಾಶಿ ಸುಜುಕಿಯ ಪಾದ ಅಪ್ಪಳಿಸುವ ಅಭ್ಯಾಸ ತಪ್ಪಾಗಿ ಮಾಡಿದರೆ ಮಂಡಿ, ಸೊಂಟಕ್ಕೆ ಪೆಟ್ಟು. ಗ್ರೊಟೊವ್‌ಸ್ಕಿಯ ದೈಹಿಕ ಕಸರತ್ತುಗಳೂ ವಿಡಿಯೋ ನೋಡಿ ಕಲಿಯುವಂಥವಲ್ಲ. ರಂಗದ ಮೇಲಿನ ಹೊಡೆದಾಟ, ಬೀಳುವುದು, ಮೈ ಮುಟ್ಟುವ ದೃಶ್ಯಗಳಿಗೆ ತರಬೇತಿ ಪಡೆದವರು ಇರಲೇಬೇಕು. ಫ್ರಾನ್ಸಿನ ನಟನಾ ಗುರು ಲೆಕೋಕ್ ತನ್ನ ಶಾಲೆಯಲ್ಲಿ ಬಳಸಿದ ಭಾವವಿಲ್ಲದ ಮುಖವಾಡದಿಂದ ಅಪಾಯವೇನಿಲ್ಲ, ಆದರೆ ಹೊರಗಿನಿಂದ ನೋಡಿ ಹೇಳುವವರಿಲ್ಲದಿದ್ದರೆ ಹಾಕಿಕೊಂಡೂ ಉಪಯೋಗವಿಲ್ಲ.

ವರ್ಕ್‌ಶಾಪ್‌ಗೆ ಸೇರುವ ಮುಂಚೆ ಸಾಧ್ಯವಾದರೆ ಒಂದು ದಿನ ಸುಮ್ಮನೆ ಕೂತು ನೋಡಿ. ಗುರು ಎಷ್ಟು ಹೊತ್ತು ಮಾತಾಡುತ್ತಾರೆ, ವಿದ್ಯಾರ್ಥಿಗಳು ಎಷ್ಟು ಹೊತ್ತು ಮಾಡುತ್ತಾರೆ ಅಂತ ಗಮನಿಸಿ. ಮಾತೇ ಜಾಸ್ತಿ ಆದರೆ ಯೋಚಿಸಿ. ಅವರು ಯಾರ ಹತ್ತಿರ, ಎಷ್ಟು ಕಾಲ ಕಲಿತರು ಅಂತ ಕೇಳಿ. ಒಳ್ಳೆಯ ಗುರುಗಳು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ವಿದ್ಯಾರ್ಥಿಗಳನ್ನು ಒಡೆದು ಕಟ್ಟುತ್ತೇನೆ ಅನ್ನುವವರು, ಬೇಡ ಅಂದರೂ ನಿಮ್ಮ ಖಾಸಗಿ ನೋವನ್ನು ಎಲ್ಲರ ಮುಂದೆ ಹೇಳಿಸುವವರು, ಕೇಳದೆ ಮೈ ಮುಟ್ಟುವವರು ಎಷ್ಟೇ ದೊಡ್ಡ ಹೆಸರಿನವರಾದರೂ ಅಲ್ಲಿಂದ ಎದ್ದು ಬನ್ನಿ.

ಮೂರು ತಿಂಗಳಾದ ಮೇಲೆ ಅದೇ ಗೋಡೆಯ ಹತ್ತಿರ ಮೊಬೈಲ್ ಇಟ್ಟು ದೃಶ್ಯವನ್ನು ಮತ್ತೆ ರೆಕಾರ್ಡ್ ಮಾಡಿ. ಹಳೆಯದನ್ನೂ ಹೊಸದನ್ನೂ ಒಂದಾದ ಮೇಲೊಂದು ನೋಡಿ, ಮೊದಲು ಶಬ್ದವಿಲ್ಲದೆ. ನೋಟ್‌ಬುಕ್ ತೆರೆದು ಯಾವ ಬದಲಾವಣೆ ಯಾವ ವಾರ ಬಂತು ಅಂತ ಗುರುತು ಹಾಕಿ. ಎರಡು ಮೂರು ತಂತ್ರ ನಿಮಗೆ ಒಗ್ಗಿರುತ್ತವೆ, ಉಳಿದವು ಒಗ್ಗಿರುವುದಿಲ್ಲ. ಒಗ್ಗದವನ್ನು ಈಗ ಬದಿಗಿಡಿ. ಮುಂದಿನ ದೃಶ್ಯಕ್ಕೆ ನಿಮ್ಮ ಸ್ವಭಾವಕ್ಕೆ ತೀರಾ ದೂರವಾದ ಪಾತ್ರ ಆರಿಸಿ, ಸಾಧ್ಯವಾದರೆ ಸಹನಟರನ್ನೂ ಬದಲಿಸಿ.